ಮೂರರಿಂದ ಒಂಬತ್ತು

ಹಳೆಯ ಗ್ಯಾಸ್ ಸಿಲಿಂಡರಿಗೆ ಕಬ್ಬಿಣದ ಸರಳು ಬಡಿದರೆ
ಅದೇ ನಮ್ಮ ದ್ವೀಪದ ಇಗರ್ಜಿ ಗಂಟೆ.
ಮಕ್ಕಳು ಬರುತ್ತಾರೆ. ಕಾಲಿಗೆ ಮರಳು,
ಬಾಯಲ್ಲಿ ಇನ್ನೂ ನುಂಗದ ಕೊಬ್ಬರಿ,
ಸೊಂಟಕ್ಕೆ ಸುತ್ತಿದ ಚಾಪೆ ಅರ್ಧ ಜಾರಿ.
ಕರಿಹಲಗೆಯ ಮೇಲೆ ನಾನಾಗಲೇ ಬರೆದಿದ್ದೇನೆ:
ಮೂರು ಐದು ಏಳು ಏಳು
ಎಂಟು ಏಳು ಐದು.
ಲೆಕ್ಕದ ಪಾಠವಲ್ಲ ಇದು, ದೇವರ ಹಾಡು.

ಟೊಂಗಾದಲ್ಲಿ ಸ್ವರಗಳಿಗೆ ಅಂಕಿಗಳೇ ಹೆಸರು.
ಮೂರಕ್ಕೆ ಶುರು, ಒಂಬತ್ತಕ್ಕೆ ಮುಗಿಯಿತು.
ಹಡಗಿಳಿದು ಬಂದ ಯಾವನೋ ಪಾದ್ರಿ
ನನ್ನಜ್ಜಿಯ ಅಜ್ಜಿಯರಿಗೆ ಹಾಗೆ ಬರೆದುಕೊಟ್ಟನಂತೆ.
ಬರೆದದ್ದನ್ನು ನಾವು ಅಳಿಸಲಿಲ್ಲ.

ಲೂಪೆಗೆ ಏಳು ವರ್ಷ, ಮುಂದಿನ ಹಲ್ಲೆರಡು ಇಲ್ಲ.
ಕೈಯೆತ್ತಿ ಕೇಳಿದಳು:
"ಹುಲಿತಾ ಅಜ್ಜೀ, ಒಂದೂ ಎರಡೂ ಎಲ್ಲಿ ಹೋದವು?"
"ನಿನ್ನ ಹಲ್ಲು ಹೋದಲ್ಲಿಗೆ," ಅಂದ
ಹಿಂದಿನ ಬೆಂಚಿನಿಂದ ಇಸಿಲೇಲಿ.
"ಹಂದಿ ತಿಂತು," ಅಂದ ಇನ್ನೊಬ್ಬ.
ನಗು ಅಡಗುವ ತನಕ ನಾನು ಸೀಮೆಸುಣ್ಣ ಒರೆಸಿಕೊಂಡೆ.

ಅರವತ್ತು ವರ್ಷದ ಹಿಂದೆ ಇದನ್ನೇ ಕೇಳಿದ್ದೆ ನಾನೂ,
ಇದೇ ಕಿಟಕಿಯ ಪಕ್ಕ
(ಕಿಟಕಿ ಬೇರೆ, ಅದನ್ನು ಚಂಡಮಾರುತ ಒಯ್ದಿತು,
ಗೋಡೆಯ ತೂತು ಮಾತ್ರ ಅದೇ).
ಉತ್ತರವಾಗಿ ಗೆಣ್ಣಿಗೆ ಕೋಲು ಬಿದ್ದಿತ್ತು.
ಆ ಕೋಲು ಈಗ ನನ್ನ ಕೈಯಲ್ಲಿದೆ.
ಅಂಕಿ ತೋರಿಸಲು ಮಾತ್ರ ಬಳಸುತ್ತೇನೆ
ಎಂದರೆ ಸುಳ್ಳಾಗುತ್ತದೆ.
ಇಸಿಲೇಲಿಯ ಮೊಣಕಾಲನ್ನು ಕೇಳಿ.

ಹಲಗೆಯ ಮೇಲೆ ನಾಲ್ಕು ಸಾಲು.
ಮೇಲಿನದು ಹುಡುಗಿಯರದು, ನಡುವಿನವು
ಯಾರ ಗಂಟಲಿಗೆ ಹೊಂದುತ್ತದೋ ಅವರದು,
ಕೆಳಗಿನದು ಗಂಡಸರದು.
ಗಂಡಸರು ಈಗ ಕಡಲಾಚೆ, ನ್ಯೂಜಿಲೆಂಡಿನಲ್ಲಿ,
ಯಾರದೋ ತೋಟದ ಕಿವಿ ಹಣ್ಣು ಕೀಳುತ್ತಿದ್ದಾರೆ.
ಮೇ ತಿಂಗಳ ಮಕ್ಕಳ ಭಾನುವಾರಕ್ಕೂ
ಆ ಹಣ್ಣಿಗೂ ಒಂದೇ ಹಂಗಾಮು.
ಆದರೂ ಕೆಳಗಿನ ಸಾಲು ಬರೆಯದೆ ಬಿಡಲಾರೆ.
ಈ ಮೂರರಲ್ಲಿ ಲೂಪೆಯ ಅಪ್ಪ ಇದ್ದಾನೆ,
ಕೆಮ್ಮಿಯೇ ಶುರು ಮಾಡುವವ;
ಆ ಏಳರಲ್ಲಿ ದೋಣಿ ರಿಪೇರಿಯವ,
ಯಾವಾಗಲೂ ಒಂದು ಕೂದಲೆಳೆ ಕೆಳಗೆ.
ಬೈದಿದ್ದೆ ಅವನಿಗೆ. ಈಗ ಆ ಎಳೆಯೇ ಕಿವಿಗೆ ಬೇಕು.

"ಕೆಳಗಿನ ಸಾಲು ಕೇಳಿಸಿಕೊಂಡು ಹಾಡಿ," ಅಂದೆ.
"ಯಾರೂ ಹಾಡ್ತಾ ಇಲ್ವಲ್ಲ."
"ಆದರೂ."
ಲೂಪೆ ಹಲಗೆಯನ್ನೇ ನೋಡಿದಳು ಬಹಳ ಹೊತ್ತು.
"ಒಂದೂ ಎರಡೂ ಹಣ್ಣು ಕೀಳೋಕೆ ಹೋದ್ವಾ?"

ಈ ಸಲ ಯಾರೂ ನಗಲಿಲ್ಲ.
ತಗಡಿನ ಮಾಡು ಬಿಸಿಲಿಗೆ ಟಿಕ್ ಅಂದಿತು.

ಎಣಿಸಿ ಅಂದೆ, ಬೇರೆ ಏನೂ ತೋಚದೆ.
ಬೆರಳು ಮಡಿಸುತ್ತ ಎಣಿಸಿದರು
ತಹಾ, ಉಆ, ತೋಲು, ಫಾ,
ನೀಮಾ, ಓನೋ, ಫೀತು, ವಾಲು,
ಹಿವಾ.
ಹಿವಾ ಅಂದರೆ ಒಂಬತ್ತು.
ಹಿವಾ ಅಂದರೆ ಹಾಡು ಕೂಡ.
ಹುಟ್ಟಿದಾಗಿನಿಂದ ಬಾಯಲ್ಲಿದ್ದ ಮಾತು;
ಒಂದು, ಎರಡು ಅಂತ ಹತ್ತಿ ಬಂದರೇ
ಅಲ್ಲಿಗೆ ತಲುಪುವುದೆಂದು
ಇವತ್ತೇ ಕಿವಿಗೆ ಬಿದ್ದ ಹಾಗಾಯಿತು.
ಲೂಪೆಗೆ ಹೇಳೋಣವೆಂದುಕೊಂಡೆ. ಅಷ್ಟರಲ್ಲಿ
ಅವಳು ಪಕ್ಕದವಳ ಚಾಪೆಯ ಎಳೆ ಬಿಚ್ಚುತ್ತಿದ್ದಳು.

ಮತ್ತೆ ಮೊದಲಿನಿಂದ. ಕೋಲೆತ್ತಿದೆ.
ಇಸಿಲೇಲಿ, ಹದಿಮೂರರವ, ಹೇಳದೆ ಕೇಳದೆ ಎದ್ದು
ಗಂಡಸರ ಖಾಲಿ ಬೆಂಚಿನ ತುದಿಗೆ ಹೋಗಿ ಕೂತ.
ಕೆಳಗಿನ ಮೂರು ಹಿಡಿದ, ಸೀಳಿದ ಬಿದಿರಿನಂಥ ದನಿ;
ಐದರ ಹೊತ್ತಿಗೆ ಅದು ಕೈತಪ್ಪಿ
ಹುಡುಗಿಯರ ಸಾಲಿಗೆ ಹಾರಿತು,
ಕಿವಿ ಕೆಂಪಾಯಿತು, ಮತ್ತೆ ಇಳಿದ,
ಮತ್ತೆ ಜಾರಿದ.

ತಪ್ಪು ಕಣೋ, ಅನ್ನಬೇಕಿತ್ತು ನಾನು.
ಬಾಗಿಲಲ್ಲಿ ಹಂದಿಯೊಂದು ಬಂದು ನಿಂತಿತ್ತು.
ಅದನ್ನೂ ಓಡಿಸಲಿಲ್ಲ.