ಬಾಗಿಲ ಕೆಳಗಿನ ಸಂದು

ಪೆನ್ಷನ್ ಮೊಹಲ್ಲಾದಲ್ಲಿ ಅಬ್ಬ ಕಲಾಯಿ ಹಾಕುತ್ತಿದ್ದರು.
ತಾಮ್ರದ ಹಂಡೆ ಕಾದಾಗ ಏಳುವ ನವಸಾಗರದ ಬಿಳಿ ಹೊಗೆ,
ನನ್ನ ಶಾಲೆಯ ಲಂಗಕ್ಕೂ ಅದೇ ವಾಸನೆ.

ಈಗ ನಾನೂ ತಾಮ್ರವನ್ನೇ ಬೆಸೆಯುತ್ತೇನೆ,
ಬೆರಳು ಗಾತ್ರದ ಕೊಳವೆ.
ಒಳಗೆ ಹರಿಯುವುದು ತಂಪು.
ಹಾಸನದ ಐಟಿಐಯಲ್ಲಿ ಇಪ್ಪತ್ತಾರು ಜನ,
ಹುಡುಗಿ ನಾನೊಬ್ಬಳೇ.
ಮೊದಮೊದಲು ಗ್ಯಾಸಿನ ಬೆಂಕಿ ನನ್ನ ಕೈಗೆ ಕೊಡಲಿಲ್ಲ,
ಸ್ಪ್ಯಾನರು ಎತ್ತಿಕೊಡು ಅಂದರು.
ಎತ್ತಿಕೊಟ್ಟೆ. ನೋಡಿಟ್ಟುಕೊಂಡೆ.

ಏಪ್ರಿಲ್. ವಿದ್ಯಾನಗರ, ಮೇಲಿನ ಮಹಡಿ.
ಬಾಗಿಲು ತೆರೆದ ಪುಷ್ಪಾವತಮ್ಮ
ನನ್ನ ಬೆನ್ನ ಹಿಂದೆ ಇಣುಕಿದರು:
"ಮೆಕ್ಯಾನಿಕ್ಕು ಎಲ್ಲಮ್ಮಾ?"
"ಮೆಟ್ಟಿಲು ಹತ್ತಿ ಬಂದಾಯ್ತು" ಅಂದೆ.

"ಇದು ತಂಪೇ ಮಾಡಲ್ಲ, ಎರಡು ಟನ್ನಿಂದು ಹಾಕ್ಬಿಡು."
ಒಂದು ಊದುಬತ್ತಿ ಕೊಡಿ ಅಂದೆ.
ಹುಬ್ಬೇರಿಸಿಕೊಂಡೇ ಹಚ್ಚಿ ತಂದರು.
ಕಿಟಕಿಯ ಅಂಚಿಗೆ ಹಿಡಿದರೆ
ಹೊಗೆ ನೆಟ್ಟಗೆ ನಿಂತಿತು;
ಬಾಗಿಲ ಕೆಳಗೆ ಹಿಡಿದೆ,
ಕದ್ದು ಓಡುವವನ ಹಾಗೆ ಹೊರಗೆ ನುಗ್ಗಿತು.
"ಅಮ್ಮಾ, ನಿಮ್ಮ ಕರೆಂಟ್ ಬಿಲ್ಲು ಹೋಗ್ತಿರೋದು ಇಲ್ಲಿಂದ.
ನೂರ ನಲವತ್ತು ರೂಪಾಯಿ ರಬ್ಬರ್ ಪಟ್ಟಿ,
ತಾರಸಿಗೆ ಎರಡು ಕೋಟು ಸುಣ್ಣ.
ಮೆಷಿನ್ನು ಇನ್ನೂ ಐದಾರು ವರ್ಷ ಬರುತ್ತೆ."

ಕಮಿಷನ್ ಹೋಯಿತು.
ಅಂಗಡಿಯ ನಂಜೇಶ ಬೈದ, ಸಂಜೆವರೆಗೂ ಬೈದ.
ಮರುವಾರ ಅದೇ ಬೀದಿಯಿಂದ ಫೋನು,
"ಆ ಊದುಬತ್ತಿ ಹುಡುಗಿ ಇದ್ದಾಳಾ?"
ಆಗಲೂ ಬೈದ, ಸ್ವಲ್ಪ ಮೆಲ್ಲಗೆ.

ರಾತ್ರಿ ಅಬ್ಬನಿಗೆ ಹೇಳಿದೆ.
ಎರಡನೇ ರೊಟ್ಟಿ ಮುರಿಯುತ್ತ ಅವರು ಅಂದರು,
"ತೂತಿರೋ ಪಾತ್ರೆಗೆ ನಾನೂ ಕಲಾಯಿ ಹಾಕ್ತಿರಲಿಲ್ಲ.
ದುಡ್ಡು ಕೊಡ್ತೀನಿ ಅಂದ್ರೂ."
ಆಮೇಲೆ ನನ್ನ ಕೈ ಹಿಡಿದು
ಬೆಸುಗೆ ಸುಟ್ಟ ಗಾಯ ನೋಡಿದರು,
ಗುರುತಿನವರನ್ನು ನೋಡುವಂತೆ.