ಒಂದೇ ಗೂಟಕ್ಕೆ ಎರಡು ಹಗ್ಗ

ಬೆಳಗಿನ ನಮಾಜು ಮುಗಿಸಿ, ಮೆಟ್ಟಿಲಿಳಿದು,
ನೀರಲ್ಲಿ ನಿಂತ ಕಬ್ಬಿಣದ ಪಟ್ಟಿಯ ಅಂಕಿ ಓದುತ್ತೇನೆ.
ಮೊನ್ನೆ ಮುನ್ನೂರ ನಲವತ್ತೆರಡು. ನಿನ್ನೆಯೂ ಅಷ್ಟೇ.
ಬರೆದುಕೊಂಡು, ಪೆನ್ಸಿಲು ಕಿವಿಗೆ ಸಿಕ್ಕಿಸಿ ಮೇಲೆ ಬರುತ್ತೇನೆ.
ಇಪ್ಪತ್ತೊಂಬತ್ತು ವರ್ಷದಿಂದ ಇದೇ ಕೆಲಸ.
ಸಂಬಳ ಬಮಾಕೋದಿಂದ ಬರುತ್ತದೆ,
ನೈಜರ್ ಹೊಳೆಯ ನೀರು ಗಿನಿಯ ಬೆಟ್ಟಗಳಿಂದ;
ಎರಡೂ ತಡ.

ದಿನಕ್ಕೆ ಒಂದೇ ಅಂಕಿ, ಕೇಳುವ ಕಿವಿ ಮಾತ್ರ ಬೇರೆ ಬೇರೆ.
ಅತ್ತಿಗೆ ಯಾಸಾ ಬಲೆಯ ಹರಕು ಹೊಲಿಯುತ್ತಲೇ ಅನ್ನುತ್ತಾಳೆ,
‘ಮರಿಗಳಿನ್ನೂ ಹುಲ್ಲಿನೊಳಗಿವೆ, ಬೆಳೆಯಲಿ ಬಿಡು.’
ಬತ್ತದ ಲಸೀನಾ ತನ್ನ ತೊಡೆಯ ಮೇಲೆ ಗೇಣು ಹಾಕಿ
ಇಲ್ಲಿಗೆ ನೀರು, ಇಲ್ಲಿಗೆ ತೆನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ.
ನೂಹುಂ ಊರಲ್ಲಿಲ್ಲ. ದನಗಳ ಜೊತೆ
ಉತ್ತರದ ಮರಳಂಚಿನಲ್ಲಿ ಎಲ್ಲೋ ಇದ್ದಾನೆ;
ಫೋನು ಮಾಡಿ ಒಂದೇ ಮಾತು ಕೇಳುತ್ತಾನೆ:
‘ಇಳಿಯಲು ಶುರುವಾಯಿತೇ?’

ನಮ್ಮ ಮನೆಯ ಕೆಳಗೊಂದು ಗೂಟವಿದೆ, ತಾತ ನೆಟ್ಟದ್ದು.
ನೆರೆ ತುಂಬಿದಾಗ ನೆತ್ತಿಯಷ್ಟೇ ಕಾಣುತ್ತದೆ,
ಯಾಸಾ ಅದಕ್ಕೆ ದೋಣಿ ಕಟ್ಟುತ್ತಾಳೆ.
ಮಾರ್ಚಿನಲ್ಲಿ ಅದರ ಬುಡದಲ್ಲಿ ನೂಹುಂನ ಕರು
ಬೂರ್ಗು ಹುಲ್ಲು ಮೆಲ್ಲುತ್ತ ಮಲಗಿರುತ್ತದೆ,
ಮೀನು ಮೊಟ್ಟೆಯಿಟ್ಟ ಅದೇ ಹುಲ್ಲು.
ಮೇಲೆ ದೋಣಿಯ ಹಗ್ಗ ಕೊರೆದ ಗಾಯ,
ಕೆಳಗೆ ಕರುವಿನ ಹಗ್ಗ ಕೊರೆದದ್ದು.
ನಡುವೆ ಎರಡು ಮೊಳ ನುಣುಪು ಮರ.
ಆ ಎರಡು ಮೊಳ ಲಸೀನಾನದು:
ನೀರು ಅಷ್ಟು ಇಳಿಯುವುದರೊಳಗೆ ಕುಯ್ಲು ಮುಗಿಯಬೇಕು.

ಒಂದು ವರ್ಷ ಮುಗಿಯಲಿಲ್ಲ.
ಮಳೆ ಕೈಕೊಟ್ಟಿತೋ, ಮೇಲಿನ ಅಣೆಕಟ್ಟಿನವರು ಬಾಗಿಲು ಹಾಕಿದರೋ,
ನೀರು ಬಂದ ಹಾಗೆ ಮಾಡಿ ಹೊರಟುಹೋಯಿತು.
ತೆನೆಯಲ್ಲಿನ್ನೂ ಹಾಲು. ಆಚೆ ದಡದಲ್ಲಿ ಹಸಿದ ದನ.
ಕೊಳದಲ್ಲಿ ಸಿಕ್ಕಿಬಿದ್ದ ಮೀನಿಗೆ ನಮ್ಮವರು ಬಲೆ ಹಿಡಿದು ಓಡಿದರು.
ಸರದಿಯಲ್ಲಿ ಉಣ್ಣುತ್ತಿದ್ದ ಮೂವರು
ಒಂದೇ ತಟ್ಟೆಗೆ ಒಟ್ಟಿಗೆ ಕೈ ಹಾಕಿದ ಹಾಗೆ.
ಲಸೀನಾನ ಮಗನ ಮುಂಗೈ ಮುರಿಯಿತು.
ಒಂದು ಕೆಂದ ಹಸುವಿನ ಹಿಂಗಾಲಿನ ನರ ಯಾರೋ ಕಡಿದರು.
ಆಮೇಲೆ ಎಲ್ಲರೂ ನನ್ನ ಅಂಗಳಕ್ಕೆ ಬಂದು
ಪುಸ್ತಕ ತೆಗೆ ಅಂದರು. ತೆಗೆದೆ.
ತಪ್ಪು ಯಾರದೆಂದು ಬರೆಯುವ ಕಾಲಂ ಅದರಲ್ಲಿರಲಿಲ್ಲ.

ಹೋದ ವರ್ಷ ಯೋಜನೆಯ ಹುಡುಗಿಯೊಬ್ಬಳು ಬಂದು
ಚಾಪೆಯ ಮೇಲೆ ನಕ್ಷೆ ಹಾಸಿದಳು. ಗಾಳಿಗೆ ಹಾರದಿರಲೆಂದು
ಮೂಲೆಗೊಂದು ಚಹಾ ಲೋಟ ಇಟ್ಟೆವು.
ಮೀನಿಗೆ ನೀಲಿ, ಬತ್ತಕ್ಕೆ ಹಳದಿ, ಮೇವಿಗೆ ಹಸಿರು.
‘ಮೀನು ಎಲ್ಲಿ ಸಿಗುತ್ತದೆ, ತೋರಿಸಿ.’
ಯಾಸಾ ಕೇಳಿದಳು, ‘ಯಾವಾಗ?’
ಹುಡುಗಿ ನಕ್ಕಳು, ಆಮೇಲೆ ನಗಲಿಲ್ಲ.
ಬಹಳ ಹೊತ್ತು ಮೂರೂ ಪೆನ್ನುಗಳನ್ನು
ಒಂದೇ ಕೈಯಲ್ಲಿ ಹಿಡಿದು ಕೂತಿದ್ದಳು.

ಅಂದಿನಿಂದ ಪುಸ್ತಕದ ಅಂಚಿನಲ್ಲಿ ಬರೆಯುತ್ತೇನೆ:
ಇವತ್ತು ಬೆಳ್ಳಕ್ಕಿ ಇಳಿದವು. ಇವತ್ತು ಮೀನು ಸುಡುವ ಮೊದಲ ಹೊಗೆ.
ಯಾಸಾಳ ಮೊಣಕಾಲು ನೋವು, ಅಂದರೆ ಉತ್ತರದ ಗಾಳಿ.
ಕಚೇರಿಯಿಂದ ಪತ್ರ ಬಂತು:
ಅಂಚನ್ನು ಖಾಲಿ ಬಿಡತಕ್ಕದ್ದು.

ಇವತ್ತು ಮುನ್ನೂರ ನಲವತ್ತೊಂದು.
ಕಣ್ಣುಜ್ಜಿ ಮತ್ತೆ ಓದಿದೆ. ಹೌದು, ಒಂದು ಕಡಿಮೆ.
ಇನ್ನು ಅದು ಇಳಿಯುವುದೇ.
ಲಸೀನಾನ ಗದ್ದೆಯಲ್ಲಿ ಒಂದು ತೆನೆ ಉಗುರಿನಿಂದ ಹಿಚುಕಿದೆ,
ಬೆರಳಿಗೆ ಬಿಳಿ ಅಂಟಿತು.
ಅಷ್ಟರಲ್ಲಿ ಜೇಬಿನಲ್ಲಿ ಫೋನು.

ನೂಹುಂನ ದನಗಳ ಉಸಿರು ಕೂಡ ಕೇಳುತ್ತಿತ್ತು.
‘ಇನ್ನೂ ಇಲ್ಲ’ ಅಂದೆ.

ಪುಸ್ತಕದಲ್ಲಿ ಮುನ್ನೂರ ನಲವತ್ತೊಂದು, ಮಸಿಯಲ್ಲಿ.
ಫೋನಿನಲ್ಲಿ ಇನ್ನೊಂದು ವಾರ
ಮುನ್ನೂರ ನಲವತ್ತೆರಡೇ.