ಕಿವಿಯೊಳಗಿನ ಕಲ್ಲು

ಒಬ್ಬೊಬ್ಬರಿಗೆ ಒಂದು ನಿಮಿಷ, ಅಂದರು ಡಾಕ್ಟರ್ ವೆಕೇಸಾ.
ಹೆಸರು, ಊರು, ಯಾವುದರಲ್ಲಿ ಆಸಕ್ತಿ.
ನನಗಿಂತ ಮುಂಚೆ ಎದ್ದವಳು ಚೆಬೆಟ್,
ಎತ್ತರದ ಚಹಾ ಸೀಮೆಯವಳು.
ಜೇನುಹುಳದ ಮಾತಾಡಿ
ನಲವತ್ತು ಸೆಕೆಂಡಿಗೆ ಮುಗಿಸಿ ಕೂತಳು.

ಈಗ ನಾನು.

ಹೆಸರು ಅವಿನೊ.
ಹೊಕ್ಕುಳಬಳ್ಳಿ ಸುತ್ತಿಕೊಂಡು ಬಂದ ಹುಡುಗಿಗೆ
ನಮ್ಮಲ್ಲಿ ಇಡುವ ಹೆಸರು ಅದು, ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ.
ಬೆಳಿಗ್ಗೆ ಹುಟ್ಟಿದರೆ ಒಂದು, ಮಳೆಯಲ್ಲಾದರೆ ಇನ್ನೊಂದು,
ಅವಳಿಯಲ್ಲಿ ಮುಂಚೆ ಬಂದವಳಿಗೆ ಬೇರೊಂದು.
ಹುಟ್ಟಿದ ಗಳಿಗೆಯನ್ನು ಹೆಸರಿನ ಸೆರಗಿಗೇ ಗಂಟು ಹಾಕಿರುತ್ತಾರೆ,
ತಾರೀಖು ಮಾತ್ರ ಮರೆತಿರುತ್ತಾರೆ.

ಊರು ಇಲ್ಲೇ, ಕಿಸುಮು. ದುಂಗಾ ದಡ.
ಅಜ್ಜಿ ಒಮೆನಾ ಮೀನು ಒಣಗಿಸಿ
ಡಬ್ಬಿ ಲೆಕ್ಕದಲ್ಲಿ ಅಳೆದು ಮಾರುತ್ತಾಳೆ.
ನನ್ನ ಚೀಲದಿಂದ ವಾಸನೆ ಬಂದರೆ ಕ್ಷಮಿಸಿ.
ಅಲ್ಲ, ಕ್ಷಮಿಸಬೇಡಿ.
ಫೀಸು ಕಟ್ಟಿದ್ದೇ ಆ ವಾಸನೆ.

ಆಸಕ್ತಿ, ಮೀನಿನ ಕಿವಿ.

ಹಿಂದಿನ ಬೆಂಚು ನಕ್ಕಿತು. ನಗಲಿ.
ಮೀನಿಗೆಲ್ಲಿಯ ಕಿವಿ ಅಂದುಕೊಂಡೇ
ನಾನೂ ಹದಿನೇಳು ವರ್ಷ ಅದರ ತಲೆ ಚೀಪಿದವಳು.
ಬುರುಡೆಯೊಳಗೆ, ಮಿದುಳಿನ ಕೆಳಗೆ
ನುಚ್ಚಕ್ಕಿಯಷ್ಟು ಒಂದು ಬಿಳಿ ಕಲ್ಲು.
ಹಲ್ಲಿಗೆ ಸಿಕ್ಕರೆ ಥೂ ಎಂದು ಉಗಿಯುತ್ತಿದ್ದೆನಲ್ಲ, ಅದೇ.
ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟರೆ
ಉಂಗುರದೊಳಗೆ ಉಂಗುರ, ಅದರೊಳಗೆ ಉಂಗುರ.
ಎಳೆಯದಾದರೆ ದಿನಕ್ಕೊಂದು ಗೆರೆ.
ತಿಂದು ಬೆಳೆದ ದಿನಗಳು ಅಗಲ,
ಹಸಿದವು ಒತ್ತೊತ್ತಾಗಿ, ಒಂದರ ಮೈಮೇಲೊಂದು.
ಬಲೆಗೆ ಬಿದ್ದ ದಿನ ಗೊತ್ತು, ಮೊಟ್ಟೆಯೊಡೆದ ದಿನ ಎಣಿಸಬಹುದು.

ಇಷ್ಟನ್ನು ಗಟ್ಟಿಯಾಗಿ ಹೇಳಿದೆ.
ಮಿಕ್ಕಿದ್ದು ಗಂಟಲಲ್ಲೇ ಉಳಿಯಿತು:

ಗುರುತಿನ ಚೀಟಿಗೆಂದು ಅಜ್ಜಿಯನ್ನು ಕಚೇರಿಗೆ ಕರೆದೊಯ್ದಿದ್ದೆ.
ಹುಟ್ಟಿದ್ದು ಯಾವಾಗ, ಅಂದ ಗುಮಾಸ್ತ.
ಸರೋವರ ಉಕ್ಕಿ ಸಂತೆಯೊಳಕ್ಕೆ ಬಂತಲ್ಲ,
ಆ ವರ್ಷ, ಎರಡನೇ ಬಿತ್ತನೆ ಆದಮೇಲೆ,
ನಮ್ಮವ್ವ ದೋಣಿಯಲ್ಲಿ ಕೂತು ಹೆತ್ತಳಂತೆ.
ಅವನು ಕೇಳಿಸಿಕೊಂಡ. ಜನವರಿ ಒಂದು, ಎಂದು ಬರೆದ.
ಆ ಸಾಲಿನಲ್ಲಿ ನಿಂತ ಏಳು ಮುದುಕಿಯರೂ
ಜನವರಿ ಒಂದರಂದೇ ಹುಟ್ಟಿಬಿಟ್ಟರು.

ದಾರಿಯಲ್ಲಿ ಅವಳಿಗೆ ಕಲ್ಲಿನ ಕತೆ ಹೇಳಿದೆ.
ಬುಟ್ಟಿ ಇಳಿಸಿ ನಿಂತಳು.
ಹಾಗಾದರೆ ಸರಕಾರಕ್ಕೆ ನಾನು ಒಮೆನಾಗಿಂತ ಕಡೆಯೇನೇ?
ಆಮೇಲೆ ತಲೆವಸ್ತ್ರ ಸರಿಸಿ, ಕತ್ತು ವಾಲಿಸಿ,
ನೋಡು, ನನ್ನೊಳಗೂ ಒಂದು ಇದ್ದೀತು, ಅಂದಳು.

ಹುಡುಕಿ ಓದಿದೆ. ಇದೆ.
ಆದರೆ ಪುಡಿ, ಸುಣ್ಣದ ಧೂಳು, ಎಣಿಸಲು ಗೆರೆಯಿಲ್ಲ.
ಅಜ್ಜಿ, ಅದು ಲೆಕ್ಕಕ್ಕಲ್ಲ, ನೀನು ಓಲಾಡದೆ ನಿಲ್ಲುವುದಕ್ಕೆ.
ಸಾಕು ಬಿಡು, ಅಂದಳು,
ತಲೆಮೇಲೆ ಬುಟ್ಟಿ ಇದ್ದವಳಿಗೆ ಅದೇ ಬೇಕಾದ್ದು.

ಡಾಕ್ಟರ್ ವೆಕೇಸಾ ಗಡಿಯಾರ ನೋಡಿದರು.
ಒಂದು ನಿಮಿಷ ಹತ್ತು ಸೆಕೆಂಡು, ಅಂದರು,
ಚೀಟಿಯ ಅಂಚಿನಲ್ಲಿ ಏನೋ ಬರೆದುಕೊಂಡರು.
ಪಕ್ಕದ ಹುಡುಗ ಎದ್ದ.
ಮುಸೆಂಬಿ, ಮಕುವೇನಿ ಕಡೆಯವನು,
ಮಣ್ಣು ಇಷ್ಟ, ಗಣಿತ ಪರವಾಗಿಲ್ಲ,
ಮೀನು ತಿನ್ನುವುದಿಲ್ಲ.